ರಿಂಗ್ ಹಾಕಿದ ಕಾಲು ಮನೆಗೆ ಬಂದ ಮೇಲೆ

ಬೆಳಿಗ್ಗೆ 6ಕ್ಕೆ ಒಮ್ಮೆ, ಮಧ್ಯಾಹ್ನ 12ಕ್ಕೆ ಒಮ್ಮೆ, ಸಂಜೆ 6ಕ್ಕೆ ಒಮ್ಮೆ, ಮಲಗುವ ಮುಂಚೆ ಇನ್ನೊಮ್ಮೆ. ಗಿಡ್ಡವಾದ ತಮ್ಮನ ಕಾಲು ಉದ್ದ ಮಾಡಲು ಹಾಕಿದ್ದ ರಿಂಗಿನ ನಟ್ಟನ್ನು ದಿನಕ್ಕೆ ನಾಲ್ಕು ಸಲ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೈಯಲ್ಲಿ 10 ನಂಬರ್ ಪಾನಾ. ಅವನ ಮೊಣಕಾಲಿನ ಕೆಳಗಿನಿಂದ ಹಿಮ್ಮಡದ ಮೇಲಿನವರೆಗೆ ನಾಲ್ಕು ರಿಂಗ್, ಅವನ್ನು ಜೋಡಿಸುವ ರಾಡ್‌ಗಳು, ಈ ಕಡೆಯಿಂದ ಆ ಕಡೆಗೆ ಕಾಲಿನೊಳಗೆ ಹಾಯ್ದ ತಂತಿಗಳು. ಪ್ರತಿ ಸಲ ನಟ್ಟನ್ನು ಕಾಲು ಸುತ್ತು ಮಾತ್ರ ತಿರುಗಿಸಬೇಕು. ಒಂದು ಪೂರ್ತಿ ಸುತ್ತಿಗೆ ನಟ್ಟು 1 ಮಿಲಿಮೀಟರ್ ಸರಿಯುತ್ತದೆ. ಅಂದರೆ ದಿನಕ್ಕೆ 1 ಮಿಲಿಮೀಟರ್ ಎಲುಬು. ಅವ್ವ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಮನೆಯೊಳಗೆ ನಾಲ್ಕು ಗೀಟು ಹಾಕುತ್ತಿದ್ದಳು. 40 ದಿನಕ್ಕೆ 160 ಗೀಟು, 4 ಸೆಂಟಿಮೀಟರ್ ಕಾಲು.

ಒಂದು ಗೀಟೂ ತಪ್ಪಲಿಲ್ಲ. ಎಲುಬು ಡಾಕ್ಟರ್ ಹೇಳಿದಷ್ಟೇ ಬೆಳೆಯಿತು. ಆದರೆ ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ತಮ್ಮನ ಹಿಮ್ಮಡ ನೆಲಕ್ಕೆ ತಾಗುತ್ತಿರಲಿಲ್ಲ. ಮೊಣಕಾಲು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಟೇಪ್ ಹಿಡಿದು ಅಳೆದರೆ ಎರಡೂ ಕಾಲು ಸಮ. ನಡೆಯಲಿಕ್ಕೆ ನಿಂತರೆ ತುದಿಗಾಲಲ್ಲಿ ಕುಂಟು.

ಜೇವರ್ಗಿ ತಾಲ್ಲೂಕಿನ ನಮ್ಮೂರ ಹತ್ತಿರ, ರಾತ್ರಿ ದೀಪ ಇಲ್ಲದೆ ರಸ್ತೆಯ ಮೇಲೇ ನಿಂತಿದ್ದ ಟ್ರಾಲಿಗೆ ಅವನ ಬೈಕ್ ಗುದ್ದಿತ್ತು. ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಮೊದಲ ಆಪರೇಷನ್ ಆದ ಮೇಲೆ ಒಳಗೆ ಕೀವು ತುಂಬಿತು. ಕೊನೆಗೆ ಕೆಟ್ಟ ಎಲುಬನ್ನು 4 ಸೆಂಟಿಮೀಟರ್ ಕತ್ತರಿಸಿ ತೆಗೆದರು. ಎರಡು ತುದಿ ಕೂಡಿಸಿದರು. ಕಾಲು ಅಷ್ಟು ಗಿಡ್ಡವಾಯಿತು. ಆಮೇಲೆ ಮೇಲ್ಗಡೆ, ಮೊಣಕಾಲಿನ ಹತ್ತಿರ, ಚೆನ್ನಾಗಿದ್ದ ಜಾಗದಲ್ಲಿ ಎಲುಬು ಕೊಯ್ದು ಉದ್ದ ಮಾಡುವ ಕೆಲಸ ಶುರುವಾಯಿತು.

ನಮ್ಮ ಕಡೆ ಈ ಚಿಕಿತ್ಸೆ ಅಂದರೆ ನನಗೆ ಕಂಡಿದ್ದು ಹೆಚ್ಚಾಗಿ ಇಂಥ ಅಪಘಾತದವರೇ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಒಂದು ಕಾಲು ಗಿಡ್ಡ ಉಳಿದವರೂ ಇದ್ದಾರೆ. ನಮ್ಮ ದೇಶದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡಿದ್ದು 2011ರ ಜನವರಿಯಲ್ಲಿ, ಪೋಲಿಯೊ ಮುಕ್ತ ಎಂದು ಘೋಷಣೆಯಾಗಿದ್ದು 2014ರ ಮಾರ್ಚ್‌ನಲ್ಲಿ. ಅದಕ್ಕೂ ಮುಂಚೆ ಅದರ ಕೈಗೆ ಸಿಕ್ಕವರಲ್ಲಿ ಬಹಳ ಮಂದಿ ಈಗ ಮನೆ ನಡೆಸುವ ವಯಸ್ಸಿನಲ್ಲಿದ್ದಾರೆ. ಹುಟ್ಟುತ್ತಲೇ ತೊಡೆ ಎಲುಬು ಗಿಡ್ಡ ಇರುವ ಮಕ್ಕಳಿದ್ದಾರೆ. ಆಡುವ ವಯಸ್ಸಿನಲ್ಲಿ ಎಲುಬಿನ ತುದಿಗೆ ಪೆಟ್ಟೋ ಸೋಂಕೋ ಆಗಿ ಬೆಳವಣಿಗೆ ನಿಂತ ಮಕ್ಕಳಿದ್ದಾರೆ. ಎರಡು ಕಾಲಿನ ವ್ಯತ್ಯಾಸ 2 ಸೆಂಟಿಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ, ಚಪ್ಪಲಿಗೆ ಇನ್ನೊಂದು ಅಟ್ಟೆ ಹಾಕಿಸಿದರೆ ಸಾಕು. ಅದು ದೊಡ್ಡದಾದಾಗ ರಿಂಗಿನ ಮಾತು ಬರುತ್ತದೆ.

ನಾನು ಹೇಳಬೇಕಾಗಿರುವುದು ಒಂದೇ ವಿಷಯ. ಆಪರೇಷನ್‌ನಿಂದ ಬರುವುದು ಉದ್ದ. ನಡಿಗೆ ಬರುವುದು ಆಮೇಲಿನ ಎಂಟು ಹತ್ತು ತಿಂಗಳಲ್ಲಿ, ಮನೆಯಲ್ಲಿ, ದಿನಾ ಮಾಡುವ ಕೆಲಸದಿಂದ. ಸರ್ಕಾರದ ಆರೋಗ್ಯ ಕಾರ್ಡು ಮೊದಲನೆಯದಕ್ಕೆ ದುಡ್ಡು ಕೊಡುತ್ತದೆ. ಎರಡನೆಯದನ್ನು ಮನೆಯವರ ಹೆಗಲಿಗೆ ಬಿಟ್ಟಿದೆ, ಅದೂ ಹೇಗೆ ಮಾಡಬೇಕು ಎಂದು ಹೇಳಿಕೊಡದೆ.

ಎಳೆದರೆ ಬೆಳೆಯುವ ಎಲುಬು

ಈ ರಿಂಗ್ ಮಾಡಿದವರು ಗಾವ್ರಿಲ್ ಇಲಿಜಾರೋವ್ ಎಂಬ ಸೋವಿಯತ್ ಡಾಕ್ಟರ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈಬೀರಿಯಾದ ಕುರ್ಗಾನ್ ಕಡೆ ಎಲುಬು ಕೂಡದೆ, ಕೀವು ನಿಲ್ಲದೆ ನರಳುತ್ತಿದ್ದ ಸೈನಿಕರು ಬಹಳ ಇದ್ದರು. ಅಂಥವರ ನಡುವೆ ಕೆಲಸ ಮಾಡುತ್ತಾ 1950ರ ದಶಕದಲ್ಲಿ ಅವರು ಈ ವಿಧಾನ ಬೆಳೆಸಿದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್ ಮರುವರ್ಷವೇ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ಮುರಿದುಕೊಂಡ. ಎಷ್ಟೋ ಆಪರೇಷನ್ ಆದರೂ ಸರಿಹೋಗಲಿಲ್ಲ. ಕೊನೆಗೆ ಇಲಿಜಾರೋವ್ ಅವನ ಕಾಲಿಗೆ ರಿಂಗ್ ಹಾಕಿದರು. ಅವನು ಮತ್ತೆ ಜಿಗಿದ. ಬೈಕಿನಿಂದ ಬಿದ್ದು ಕಾಲು ಕಳೆದುಕೊಳ್ಳುವ ಹಂತಕ್ಕೆ ಬಂದವನ ಕತೆ ಅದು. ನಮ್ಮ ಹೆದ್ದಾರಿಗಳ ಕತೆಯೂ ಅದೇ.

ಕೆಲಸ ಹೀಗೆ ನಡೆಯುತ್ತದೆ. ಎಲುಬನ್ನು ಹುಷಾರಾಗಿ ಕೊಯ್ಯುತ್ತಾರೆ, ಅದರ ಮೇಲಿನ ಪೊರೆ ಮತ್ತು ರಕ್ತದ ಹರಿವು ಆದಷ್ಟು ಕೆಡದಂತೆ. ಐದರಿಂದ ಏಳು ದಿನ ಸುಮ್ನೆ ಬಿಡುತ್ತಾರೆ. ಅಷ್ಟರಲ್ಲಿ ಕೊಯ್ದ ಜಾಗದಲ್ಲಿ ಹೊಸ ಎಲುಬಿನ ಮೆತ್ತನೆಯ ಅಂಶ ಕೂಡುತ್ತದೆ. ಅದನ್ನು ಮೆಲ್ಲಗೆ ಎಳೆಯಬೇಕು. ಹೋಳಿಗೆಗೆ ನೆನೆಸಿದ ಕಣಕ ಇರುತ್ತದಲ್ಲ, ನಿಧಾನ ಎಳೆದರೆ ಎಷ್ಟು ಬೇಕಾದರೂ ಬರುತ್ತದೆ, ಜಗ್ಗಿದರೆ ಹರಿಯುತ್ತದೆ. ಇದೂ ಹಾಗೇ. ಅವಸರ ಮಾಡಿದರೆ ನಡುವೆ ಖಾಲಿ ಉಳಿಯುತ್ತದೆ. ತೀರಾ ತಡ ಮಾಡಿದರೆ ಬೇಗ ಗಟ್ಟಿಯಾಗಿ, ಮುಂದೆ ಎಳೆಯಲಿಕ್ಕೇ ಬರುವುದಿಲ್ಲ. ದಿನಕ್ಕೆ 1 ಮಿಲಿಮೀಟರ್, ಅದನ್ನೂ ನಾಲ್ಕು ಪಾಲು ಮಾಡಿ ಎಂಬ ಲೆಕ್ಕ ಬಂದಿದ್ದು ಇದರಿಂದಲೇ.

ಬೇಕಾದಷ್ಟು ಉದ್ದ ಆದ ಮೇಲೂ ರಿಂಗ್ ತೆಗೆಯುವುದಿಲ್ಲ. ಹೊಸ ಎಲುಬು ಗಟ್ಟಿಯಾಗಲು ಎಳೆದ ದಿನಗಳ ಎರಡು ಪಟ್ಟಾದರೂ ಬೇಕು. ದೊಡ್ಡವರಿಗೆ 1 ಸೆಂಟಿಮೀಟರಿಗೆ ಸುಮಾರು ಒಂದರಿಂದ ಒಂದೂವರೆ ತಿಂಗಳು ರಿಂಗ್ ಎಂದು ಲೆಕ್ಕ ಹಾಕುತ್ತಾರೆ. ಸೋಂಕು ಆಗಿದ್ದ ಕಾಲಾದರೆ ಇನ್ನೂ ಜಾಸ್ತಿ. ತಮ್ಮನಿಗೆ 8 ತಿಂಗಳು ಹಿಡಿಯಿತು.

ಇಲಿಜಾರೋವ್ ಮೊದಲಿನಿಂದಲೂ ಒತ್ತಿ ಹೇಳಿದ ಒಂದು ಮಾತು ನಮ್ಮ ಕಡೆ ಯಾರಿಗೂ ಮುಟ್ಟಿಲ್ಲ. ರಿಂಗ್ ಹಾಕಿಕೊಂಡವರು ಮಲಗಬಾರದು, ನಡೆಯಬೇಕು. ಕಾಲಿನ ಮೇಲೆ ಭಾರ ಬಿದ್ದಷ್ಟೂ ಎಲುಬು ಗಟ್ಟಿಯಾಗುತ್ತದೆ. ಎಷ್ಟು ಭಾರ, ಯಾವಾಗಿನಿಂದ ಎಂಬುದನ್ನು ಡಾಕ್ಟರ್ ಹೇಳುತ್ತಾರೆ. ಆದರೆ ಮನೆಗೆ ನೋಡಲಿಕ್ಕೆ ಬಂದವರೆಲ್ಲ ಹೇಳುವುದು ಒಂದೇ: "ಏಳಬ್ಯಾಡಪ್ಪ, ಕಾಲಿಗಿ ಭಾರ ಹಾಕಬ್ಯಾಡ, ಮಕ್ಕೋ." ಪ್ರೀತಿಯಿಂದಲೇ ಹೇಳುತ್ತಾರೆ. ಒಬ್ಬರಲ್ಲ, ದಿನಕ್ಕೆ ಹತ್ತು ಮಂದಿ. ವಾಕರ್ ಹಿಡಿದು ಅಂಗಳದಲ್ಲಿ ನಡೆಯಬೇಕಾದ ಹುಡುಗ ಮಂಚ ಹಿಡಿಯುತ್ತಾನೆ.

ತಲೆದಿಂಬು

ಎಲುಬು ಬೆಳೆದಷ್ಟು ಬೇಗ ಸ್ನಾಯು ಬೆಳೆಯುವುದಿಲ್ಲ. ತೊಂದರೆ ಎಲ್ಲ ಹುಟ್ಟುವುದು ಇಲ್ಲೇ. ಒಳಗಿನ ಎಲುಬು ದಿನಾ ಉದ್ದವಾಗುತ್ತಾ ಹೋದಂತೆ ಅದರ ಸುತ್ತಲಿನ ಸ್ನಾಯು ನೊಗಕ್ಕೆ ಬಿಗಿದ ಮಿಣಿಯ ಹಾಗೆ ಬಿಗಿಯಾಗುತ್ತದೆ. ಬಿಗಿಯಾದ ಸ್ನಾಯು ತನಗೆ ಹತ್ತಿರದ ಕೀಲನ್ನು ಎಳೆಯುತ್ತದೆ.

ಮೊಣಕಾಲಿನ ಕೆಳಗಿನ ಎಲುಬು ಉದ್ದ ಮಾಡಿದಾಗ ಕಾಟ ಕೊಡುವುದು ಮೀನಖಂಡ. ಅದರ ಮೇಲಿನ ತುದಿ ಮೊಣಕಾಲಿನ ಹಿಂದೆ, ತೊಡೆ ಎಲುಬಿಗೆ ಅಂಟಿದೆ. ಕೆಳಗಿನ ತುದಿ ಹಿಮ್ಮಡಕ್ಕೆ. ಒಂದೇ ಸ್ನಾಯು ಎರಡು ಕೀಲು ದಾಟುತ್ತದೆ. ಅದು ಬಿಗಿದರೆ ಒಂದೇ ಸಲಕ್ಕೆ ಎರಡು ಕೆಲಸ ಆಗುತ್ತದೆ. ಹಿಮ್ಮಡ ಮೇಲೆ ಏಳುತ್ತದೆ, ಮೊಣಕಾಲು ಬಾಗಿಯೇ ಉಳಿಯುತ್ತದೆ. ತಮ್ಮನಿಗೆ ಆಗಿದ್ದು ಇದೇ. ನಮಗೆ ಗೊತ್ತಿರಲಿಲ್ಲ. ರಿಂಗ್ ಭಾರಕ್ಕೆ ಹೀಗಾಗಿದೆ, ತೆಗೆದ ಮೇಲೆ ಸರಿಹೋಗುತ್ತದೆ ಎಂದುಕೊಂಡಿದ್ದೆವು.

ತೊಡೆ ಎಲುಬು ಉದ್ದ ಮಾಡಿದಾಗ ಸಮಸ್ಯೆ ಉಲ್ಟಾ. ತೊಡೆಯ ಮುಂದಿನ ಸ್ನಾಯು ಬಿಗಿದು ಮೊಣಕಾಲು ಮಡಚಲಿಕ್ಕೆ ಬರುವುದಿಲ್ಲ. ಮಡಚುವುದು ತೀರಾ ಕಡಿಮೆಯಾದರೆ ಡಾಕ್ಟರ್ ನಟ್ಟು ತಿರುಗಿಸುವ ವೇಗ ಇಳಿಸುತ್ತಾರೆ, ಇಲ್ಲವೇ ಕೆಲವು ದಿನ ನಿಲ್ಲಿಸುತ್ತಾರೆ. ನಿರ್ಲಕ್ಷ್ಯ ಮಾಡಿದರೆ ಕೀಲೇ ತನ್ನ ಜಾಗದಿಂದ ಜರುಗಬಹುದು. ನರಗಳ ಮಾತೂ ಹೀಗೇ. ಪಾದದ ಮೇಲೆ ಜುಮ್ಮೆನ್ನುವುದು, ಉರಿ, ಹೆಬ್ಬೆರಳು ಮೇಲೆ ಎತ್ತಲಾಗದಿರುವುದು ಕಂಡರೆ ಮುಂದಿನ ತಪಾಸಣೆಯ ದಿನ ಕಾಯಬಾರದು. ಅವತ್ತೇ ಫೋನ್ ಮಾಡಬೇಕು.

ಎರಡನೇ ತಿಂಗಳ ಕೊನೆಗೆ ನಾವು ಕಲಬುರಗಿಯಲ್ಲಿ ಒಬ್ಬ ಫಿಸಿಯೋಥೆರಪಿ ಮೇಡಂ ಹತ್ತಿರ ಹೋದೆವು. ಅವರು ಕಾಲು ನೋಡಿ, ಮನೆಯಲ್ಲಿ ಹೇಗೆ ಮಲಗುತ್ತಾನೆ ತೋರಿಸಿ ಎಂದರು. ತಮ್ಮ ಅಲ್ಲಿಯ ಮಂಚದ ಮೇಲೆ ಮಲಗಿದ. ಅವ್ವ ಅಭ್ಯಾಸದಂತೆ ಪಕ್ಕದಲ್ಲಿದ್ದ ದಿಂಬು ತೆಗೆದು ಅವನ ಮೊಣಕಾಲಿನ ಕೆಳಗೆ ಇಟ್ಟಳು.

"ಅವ್ವಾರ, ಈ ತಲದಿಂಬು ಮನ್ಯಾಗೂ ಇಡ್ತೀರೇನು?"

"ಹೌದ್ರೀ ಮೇಡಂ. ಅವಂಗ ಸುಖ ಅನಸ್ತದ. ಇಲ್ಲಂದ್ರ ರಾತ್ರಿಯೆಲ್ಲ ನಳ್ಳತಾನ."

"ಸುಖ ಅನಸ್ತದ, ಖರೇ ಅದ. ಆದ್ರ ಕಾಲು ಹಂಗೇ ಕುಂತುಬಿಡ್ತದ."

ಅವರು ದಿಂಬು ತೆಗೆದರು. ಒಂದು ಟವೆಲ್ ಸುತ್ತಿ ಹಿಮ್ಮಡದ ಕೆಳಗೆ ಇಟ್ಟರು. ಮೊಣಕಾಲಿಗೆ ಕೆಳಗೆ ಆಸರೆ ಇಲ್ಲ, ತನ್ನ ಭಾರಕ್ಕೆ ತಾನೇ ನಿಧಾನ ನೆಟ್ಟಗಾಗಬೇಕು. ತಮ್ಮ ಹಲ್ಲು ಕಚ್ಚಿ ಮಲಗಿದ್ದ. ಹತ್ತು ನಿಮಿಷ. ಅವ್ವ ಆ ಕಡೆ ಮುಖ ಮಾಡಿ ನಿಂತಿದ್ದಳು. ಎರಡು ತಿಂಗಳು ರಾತ್ರಿ ಎದ್ದು ಎದ್ದು ದಿಂಬು ಸರಿಮಾಡಿ ಇಟ್ಟವಳು ಅವಳು. ತನ್ನ ಕೈಯಿಂದಲೇ ಮಗನ ಕಾಲು ಬಾಗಿತು ಎಂದು ಅವಳಿಗೆ ಅವತ್ತು ತಿಳಿಯಿತು. ಅವಳ ತಪ್ಪು ಏನೂ ಇಲ್ಲ. ದಿಂಬು ಇಡಬೇಡಿ ಎಂಬ ಎರಡು ಮಾತು ಅವಳಿಗೆ ಯಾರೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ನನಗೆ ನಟ್ಟು ತಿರುಗಿಸುವುದನ್ನು ಚೆನ್ನಾಗಿ ಕಲಿಸಿದ್ದರು. ಎರಡು ಸಲ ನನ್ನ ಕೈಯಿಂದ ಮಾಡಿಸಿ ನೋಡಿದ್ದರು. ವ್ಯಾಯಾಮದ ಬಗ್ಗೆ ಡಿಸ್ಚಾರ್ಜ್ ಕಾಗದದ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು, ಫಿಸಿಯೋಥೆರಪಿ ಮಾಡಿಸಿ ಎಂದು. ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ, ಏನು ಮಾಡಬಾರದು, ಒಂದೂ ಇರಲಿಲ್ಲ. ಆ ಸಾಲು ಓದಿ ಅರ್ಥ ಮಾಡಿಕೊಂಡ ನನಗೇ, ಅದು ಮಾಡಿದರೆ ಒಳ್ಳೆಯದು ಎಂಬ ಸಲಹೆಯ ಹಾಗೆ ಕಂಡಿತ್ತು. ಅದು ಔಷಧಿಯಷ್ಟೇ ಮುಖ್ಯ ಎಂದು ಅನ್ನಿಸಿರಲಿಲ್ಲ.

ಆಮೇಲೆ ಮೇಡಂ ಹೇಳಿಕೊಟ್ಟಿದ್ದೆಲ್ಲ ಮನೆಯಲ್ಲೇ ಮಾಡುವಂಥದ್ದು. ಚಪ್ಪಲಿಗೆ ರಬ್ಬರ್ ಪಟ್ಟಿ ಕಟ್ಟಿ ಮೇಲಿನ ರಿಂಗಿಗೆ ಬಿಗಿದು ಪಾದ ಕೆಳಗೆ ಬೀಳದಂತೆ ಹಿಡಿಯುವುದು. ಟವೆಲನ್ನು ಪಾದಕ್ಕೆ ಸಿಕ್ಕಿಸಿ ಎರಡೂ ಕೈಯಿಂದ ತನ್ನ ಕಡೆ ಎಳೆದು ಮೂವತ್ತು ಎಣಿಸುವುದು. ತೊಡೆ ಬಿಗಿ ಹಿಡಿದು ಮೊಣಕಾಲನ್ನು ಹಾಸಿಗೆಗೆ ಒತ್ತುವುದು. ಬೋರಲು ಮಲಗುವುದು. ದಿನಕ್ಕೆ ಮೂರು ನಾಲ್ಕು ಸಲ, ಒಂದು ದಿನವೂ ಬಿಡದೆ. ಒಂದು ವಾರ ಬಿಟ್ಟರೆ ಹೋದ ಚಲನೆ ಮರಳಿ ಪಡೆಯಲು ತಿಂಗಳು ಬೇಕು ಎಂದರು. ಹಾಗೇ ಆಯಿತು.

ಕುಕ್ಕರುಗಾಲು ನಮ್ಮ ಅಳತೆ

ಕಾಲು ಸರಿಹೋಯಿತು ಎಂದು ಯಾವಾಗ ಹೇಳಬೇಕು? ಸಮ ನೆಲದಲ್ಲಿ ನಡೆಯಲು ಮೊಣಕಾಲು ಸುಮಾರು 60ರಿಂದ 70 ಡಿಗ್ರಿ ಮಡಚಿದರೆ ಸಾಕು. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು 90ರಿಂದ 100. ಮೊಣಕಾಲು 100 ಡಿಗ್ರಿ ಮಡಚಿದ ಮನುಷ್ಯ ಪೇಟೆಯ ಫ್ಲಾಟಿನಲ್ಲಿ ಆರಾಮಾಗಿ ಬದುಕಬಹುದು. ಕುರ್ಚಿ, ಸೋಫಾ, ಕಮೋಡ್ ಇದ್ದರೆ ಮುಗಿಯಿತು.

ನಮ್ಮ ಮನೆ ಹಾಗಿಲ್ಲ. ಕುಕ್ಕರುಗಾಲಲ್ಲಿ ಕೂರಬೇಕಾದರೆ 130 ಡಿಗ್ರಿ ದಾಟಬೇಕು. ಅಷ್ಟೇ ಅಲ್ಲ, ಹಿಮ್ಮಡ ನೆಲಕ್ಕೆ ಊರಿದ ಹಾಗೇ ಪಾದ ಮೇಲ್ಮುಖವಾಗಿ ಬಾಗಬೇಕು. ಹಿಮ್ಮಡ ಎದ್ದಿದ್ದರೆ ಮನುಷ್ಯ ಹಿಂದಕ್ಕೆ ಬೀಳುತ್ತಾನೆ. ಊರಿನ ಪಾಯಿಖಾನೆ ನೆಲಕ್ಕೆ ಕೂರಿಸಿದ್ದು. ಅವ್ವ ರೊಟ್ಟಿ ಬಡಿಯುವುದು ನೆಲದ ಮೇಲೆ ಕೂತು. ಊಟ ನೆಲದ ಮೇಲೆ. ತೊಗರಿ ಕೊಯ್ಯಲು ಬಗ್ಗಿ, ಕೂತು, ಎದ್ದು ಹೋಗಬೇಕು. ಮಸೀದಿಯಲ್ಲಿ ನಮಾಜಿಗೆ ಮಂಡಿ ಮಡಚಿ ಕೂರಬೇಕು, ಶರಣಬಸವೇಶ್ವರ ಗುಡಿಯ ದಾಸೋಹದಲ್ಲಿ ಪಂಕ್ತಿಗೆ ಕೂರಬೇಕು. ಇವ್ಯಾವೂ ಆಗದವನು, ಕಾಗದದ ಮೇಲೆ ಚೇತರಿಸಿಕೊಂಡಿದ್ದರೂ, ಮನೆಯಲ್ಲಿ ಹೊರಗಿನವನ ಹಾಗೆ ಇರುತ್ತಾನೆ.

ಅದಕ್ಕೇ ನನ್ನ ಪ್ರಕಾರ ಡಾಕ್ಟರ್‌ಗೆ ಮೊದಲ ದಿನವೇ ಹೇಳಬೇಕು: ನನ್ನ ಕೆಲಸ ಇಂಥದ್ದು, ನಾನು ಹೀಗೆ ಕೂರಬೇಕು. ಒಬ್ಬ ರೈತನಿಗೆ, ಒಬ್ಬ ಕಲ್ಲು ಗಣಿ ಕೆಲಸದವನಿಗೆ, ಒಬ್ಬ ಗುಮಾಸ್ತನಿಗೆ ಬೇಕಾದ ಕಾಲು ಬೇರೆ ಬೇರೆ. ಎಲ್ಲವನ್ನೂ ಪೂರ್ತಿ ಮರಳಿ ಪಡೆಯಲು ಆಗದೇ ಇರಬಹುದು. ಆದರೆ ಯಾವುದಕ್ಕೆ ಹೆಚ್ಚು ಒತ್ತು ಕೊಡಬೇಕು ಎಂಬುದು ಆಗ ಗೊತ್ತಾಗುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೂ ದೊಡ್ಡ ಉಪಕಾರ. ನಡುವೆ ತೂತಿರುವ ಕುರ್ಚಿಯನ್ನು ಪಾಯಿಖಾನೆಯ ಮೇಲೆ ಇಟ್ಟು, ಗೋಡೆಗೆ ಒಂದು ಪೈಪಿನ ಹಿಡಿಕೆ ಬಡಿಸಿದೆವು. ಅದಕ್ಕೂ ಮುಂಚೆ, ರಾತ್ರಿ ಏಳಬೇಕಾಗುತ್ತದೆ ಎಂದು ತಮ್ಮ ಸಂಜೆಯಿಂದಲೇ ನೀರು ಕುಡಿಯುವುದು ಬಿಟ್ಟಿದ್ದ. ಬೇಸಿಗೆಯಲ್ಲಿ, ನಮ್ಮೂರ ಬಿಸಿಲಲ್ಲಿ.

ಹದಿನೈದು ದಿನ

ಈಗ ದುಡ್ಡಿನ ಮಾತು. ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಎರಡೂ ಸೇರಿ 2018ರಿಂದ ನಡೆಯುತ್ತಿವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಇದು ಸಣ್ಣದಲ್ಲ. ಈ ಕಾರ್ಡು ಇಲ್ಲದಿದ್ದರೆ ನಾವು ಹೊಲ ಮಾರಬೇಕಾಗಿತ್ತು. ಆದರೆ ಆಯುಷ್ಮಾನ್ ನಿಯಮದಲ್ಲಿ ಆಸ್ಪತ್ರೆಯಿಂದ ಬಿಟ್ಟ ಮೇಲಿನ ಖರ್ಚು 15 ದಿನಕ್ಕೆ ಮುಗಿಯುತ್ತದೆ. ಹೊರರೋಗಿಯಾಗಿ ಹೋಗಿ ಬರುವ ಚಿಕಿತ್ಸೆ ಅದರಲ್ಲಿ ಸೇರಿಲ್ಲ.

ಈ 15 ದಿನವನ್ನು ತಮ್ಮನ ಕ್ಯಾಲೆಂಡರಿನ ಪಕ್ಕದಲ್ಲಿ ಇಟ್ಟು ನೋಡಿ. ಆಪರೇಷನ್ ಆದ 7ನೇ ದಿನ ನಟ್ಟು ತಿರುಗಿಸಲು ಶುರು. 10ನೇ ದಿನ ಮನೆಗೆ. 25ನೇ ದಿನಕ್ಕೆ ಕಾರ್ಡಿನ ಹೊಣೆ ಮುಗಿಯಿತು. ಅಷ್ಟು ಹೊತ್ತಿಗೆ ಎಲುಬು 2 ಸೆಂಟಿಮೀಟರ್ ಕೂಡ ಬೆಳೆದಿರಲಿಲ್ಲ. ಸ್ನಾಯು ಬಿಗಿಯುವುದು, ಕೀಲು ಹಿಡಿಯುವುದು ಜೋರಾಗುವುದೇ ಅದರ ನಂತರ. ಮುರಿದ ಎಲುಬಿಗೆ ಪ್ಲಾಸ್ಟರ್ ಹಾಕಿ ಕಳಿಸುವ ಚಿಕಿತ್ಸೆಗೆ ಆ ನಿಯಮ ಸರಿ ಇರಬಹುದು. ಎಂಟು ತಿಂಗಳು ಮನೆಯಲ್ಲೇ ನಡೆಯುವ ಚಿಕಿತ್ಸೆಗೆ ಅದು ಹೊಂದುವುದಿಲ್ಲ. ಚಿಕಿತ್ಸೆಯ ಅರ್ಧಕ್ಕಿಂತ ಜಾಸ್ತಿ ಭಾಗ ಆ ಲೆಕ್ಕದ ಆಚೆ ಉಳಿಯುತ್ತದೆ.

ನಮ್ಮೂರಿನಿಂದ ಜೇವರ್ಗಿಗೆ ಒಂದು ಬಸ್ಸು, ಅಲ್ಲಿಂದ ಕಲಬುರಗಿಗೆ 40 ಕಿಲೋಮೀಟರ್ ಇನ್ನೊಂದು. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂಬುದು ನನಗೆ ಆವರೆಗೆ ಗೊತ್ತೇ ಇರಲಿಲ್ಲ. ರಿಂಗ್ ಹಾಕಿದ ಕಾಲನ್ನು ಇಬ್ಬರು ಎತ್ತಿ ಒಳಗೆ ಇಡಬೇಕು. ತಂತಿಗೆ ಯಾರದೋ ಚೀಲ ತಾಗಿದರೆ ಅವನ ಜೀವ ಹೋಗಿ ಬರುತ್ತಿತ್ತು. ಅವ್ವನಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ಇಲ್ಲ, ಅಷ್ಟು ಉಳಿಯಿತು. ನಮ್ಮಿಬ್ಬರ ಬಸ್ಸು, ಆಟೋ, ಒಂದು ಸಿಟ್ಟಿಂಗಿಗೆ 300 ರೂಪಾಯಿ, ಎಲ್ಲ ಸೇರಿ ಒಂದು ಸಲಕ್ಕೆ 600 ದಾಟುತ್ತಿತ್ತು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ವಾರಕ್ಕೆ ಮೂರು ಸಲ ಬನ್ನಿ ಎಂದರೆ ಯಾರು ಹೋಗುತ್ತಾರೆ? ನಾವು ವಾರಕ್ಕೆ ಒಂದು ಸಲ ಹೋದೆವು, ಉಳಿದ ದಿನ ಮನೆಯಲ್ಲಿ ಮಾಡಿದೆವು. ಅಷ್ಟೂ ಆಗದವರು ಹೋಗುವುದನ್ನೇ ಬಿಡುತ್ತಾರೆ. ರೋಗಿ ಹೆಂಗಸಾದರೆ ಇನ್ನೂ ಕಷ್ಟ. ಜೊತೆಗೆ ಬರಲು ಮನೆಯ ಗಂಡಸು ಕೂಲಿ ಬಿಡಬೇಕು, ಮನೆಗೆಲಸ ಮಾತ್ರ ಯಾರೂ ಬಿಡಿಸುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮೊದಲು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡಬೇಕಿತ್ತು, ಈಗ ಎಷ್ಟೋ ಆಪರೇಷನ್ ಇಲ್ಲೇ ಆಗುತ್ತವೆ. ದೊಡ್ಡ ಆಸ್ಪತ್ರೆ ಕಟ್ಟುವ ಕೆಲಸ ಆಗಿದೆ, ಆಗುತ್ತಿದೆ. ಆಸ್ಪತ್ರೆಯಿಂದ ಊರಿಗೆ ಹೋದ ಕಾಲನ್ನು ಹಿಂಬಾಲಿಸುವವರು ಮಾತ್ರ ಇಲ್ಲ.

ಹೊಸ ಇಲಾಖೆ ಏನೂ ಬೇಡ. ಅಂಗವಿಕಲರ ನೆರವಿಗೆ ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರಬೇಕೆಂಬ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಈಗಾಗಲೇ ಇದೆ. ಇವರಲ್ಲಿ ಬಹಳ ಮಂದಿ ಸ್ವತಃ ಅಂಗವಿಕಲರು, ಊರಿನವರೇ, ಮನೆ ಮನೆ ಗೊತ್ತಿರುವವರು. ಮಾಸಾಶನ, ಗುರುತಿನ ಚೀಟಿಯ ಕಾಗದ ಓಡಾಡಿಸುವುದರಲ್ಲೇ ಅವರ ಹೊತ್ತು ಹೋಗುತ್ತದೆ. ಅವರಿಗೆ ಸರಿಯಾದ ಸಂಬಳ ಕೊಟ್ಟು, ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಕೆಲವು ವಾರ ತರಬೇತಿ ಕೊಟ್ಟರೆ ಎಷ್ಟು ಕೆಲಸ ಆಗುತ್ತದೆ ಯೋಚಿಸಿ. ಅವರು ಚಿಕಿತ್ಸೆ ಮಾಡಬೇಕಾಗಿಲ್ಲ. ವಾರಕ್ಕೊಮ್ಮೆ ಮನೆಗೆ ಹೋಗಿ, ಮೊಣಕಾಲು ಎಷ್ಟು ಮಡಚುತ್ತದೆ, ಹಿಮ್ಮಡ ನೆಲಕ್ಕೆ ಬರುತ್ತದಾ ನೋಡಿ, ಪಕ್ಕದಿಂದ ಒಂದು ಫೋಟೊ ತೆಗೆದು ಆಸ್ಪತ್ರೆಗೆ ಕಳಿಸಿದರೆ ಸಾಕು. ಕಡಿಮೆಯಾಗುತ್ತಿದ್ದರೆ ಅಲ್ಲಿಂದ ಫೋನ್ ಬರುತ್ತದೆ. ತಮ್ಮನ ಕಾಲು ಬಾಗಿದ್ದು ಎರಡು ತಿಂಗಳ ಕೊನೆಗೆ ನಮಗೆ ತಿಳಿಯಿತು. ಹೀಗಿದ್ದರೆ ಮೂರನೇ ವಾರಕ್ಕೇ ತಿಳಿಯುತ್ತಿತ್ತು.

ದುಡ್ಡು ಎಲ್ಲಿಂದ ಎಂದು ಕೇಳಬಹುದು. 2024-25ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಹೇಳಿದ್ದರು. ಅದರಲ್ಲಿ ಕಟ್ಟಡ, ರಸ್ತೆಗೆ ಹೋಗುವುದರ ಮುಂದೆ ತಾಲ್ಲೂಕಿಗೆ ಒಬ್ಬ ಫಿಸಿಯೋಥೆರಪಿಸ್ಟ್ ಸಂಬಳ ಏನೂ ಅಲ್ಲ. ಕನ್ನಡದಲ್ಲಿ ಚಿತ್ರ ಹಾಕಿದ ಒಂದು ಹಾಳೆಯನ್ನು ಡಿಸ್ಚಾರ್ಜ್ ಕಾಗದದ ಜೊತೆ ಕೊಡುವುದಕ್ಕಂತೂ ದುಡ್ಡೇ ಬೇಡ.

ತಂತಿ, ತಂಬಾಕು, ನೋವಿನ ಗುಳಿಗೆ

ತಂತಿ ಚರ್ಮದೊಳಗೆ ಹೋಗುವ ಜಾಗವನ್ನು ದಿನಾ ಶುಚಿ ಮಾಡಬೇಕು, ಆಸ್ಪತ್ರೆಯಲ್ಲಿ ಹೇಳಿದ ದ್ರಾವಣದಿಂದಲೇ. ಅರಿಶಿನ, ಎಲೆಯ ರಸ, ಬೂದಿ ಹಚ್ಚಬಾರದು. ಸ್ವಲ್ಪ ನೀರು ಜಿನುಗುವುದು ಸಾಮಾನ್ಯ. ಕೆಂಪಾಗಿ, ಬಿಸಿಯಾಗಿ, ಕೀವು ಬಂದರೆ ಡಾಕ್ಟರ್‌ಗೆ ತೋರಿಸಬೇಕು. ತಂತಿಯ ಜಾಗ ನೋಯುತ್ತಿದ್ದರೆ ರೋಗಿ ಕಾಲು ಅಲ್ಲಾಡಿಸುವುದಿಲ್ಲ, ಅಲ್ಲಾಡಿಸದಿದ್ದರೆ ಕೀಲು ಹಿಡಿಯುತ್ತದೆ. ಹೀಗಾಗಿ ಇದು ಬರೀ ಶುಚಿಯ ಮಾತಲ್ಲ, ನಡಿಗೆಯ ಮಾತೂ ಹೌದು.

ಬೀಡಿ, ಸಿಗರೇಟು ಎಲುಬು ಕೂಡುವುದನ್ನು ತಡ ಮಾಡುತ್ತವೆ. ತಂಬಾಕಿಗೆ ಸುಣ್ಣ ತಿಕ್ಕಿ ಬಾಯಿಗೆ ಹಾಕುವುದು, ಗುಟ್ಕಾ, ಇವುಗಳಲ್ಲೂ ಅದೇ ನಿಕೋಟಿನ್ ಇದೆ. ಮಂಚದ ಮೇಲೆ ಹೊತ್ತು ಹೋಗದ ಹುಡುಗನಿಗೆ ಗೆಳೆಯರು ಬಂದು ಕೊಡುವುದು ಇದನ್ನೇ. ಬೇಡ ಎಂದು ಹೇಳಿ, ಜಗಳವಾದರೂ ಪರವಾಗಿಲ್ಲ. ಮೆಡಿಕಲ್ ಅಂಗಡಿಯಿಂದ ಕೇಳದೆ ತರುವ ನೋವಿನ ಗುಳಿಗೆಗಳಲ್ಲಿ ಕೆಲವು ಎಲುಬು ಬೆಳೆಯುವುದಕ್ಕೆ ಅಡ್ಡಿ ಮಾಡಬಹುದು, ಆದ್ದರಿಂದ ಯಾವುದು ತಗೊಳ್ಳಬೇಕು ಎಂದು ಡಾಕ್ಟರನ್ನೇ ಕೇಳಬೇಕು. ಊಟದ ಬಗ್ಗೆ ಹೇಳುವುದು ಕಡಿಮೆ: ಹಾಲು, ಮೊಸರು, ತತ್ತಿ, ಬೇಳೆ, ಶೇಂಗಾ, ಪಲ್ಯ. ತೊಗರಿಯ ನಾಡಿನಲ್ಲಿ ಬೇಳೆಗೆ ಬರ ಇಲ್ಲ.

ಎತ್ತರ ಆಗಬೇಕೆಂಬ ಹುಡುಗರಿಗೆ

ತಮ್ಮನ ಕಾಲು ನೋಡಲು ಬಂದ ಊರಿನ ಹುಡುಗರಲ್ಲಿ ಒಬ್ಬ ಕೇಳಿದ: "ಅಣ್ಣಾ, ಹಿಂಗ ಮಾಡಿಸ್ಕೊಂಡ್ರ ನಾನೂ ಮೂರು ಇಂಚು ಎತ್ತರ ಆಗ್ತೀನಲ್ಲ?" ಪೊಲೀಸ್ ಭರ್ತಿಯಲ್ಲಿ ಎತ್ತರ ಸಾಲದೆ ವಾಪಸ್ ಬಂದ ಹುಡುಗ. ಮೊಬೈಲಿನಲ್ಲಿ ಇಂಥ ಜಾಹೀರಾತು ಅವನ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಅವನನ್ನು ಬೈಯುವುದು ಸರಿಯಲ್ಲ. ಅವನಿಗೆ ಪೂರ್ತಿ ವಿಷಯ ಹೇಳಬೇಕು. ಎತ್ತರಕ್ಕಾಗಿ ಮಾಡುವಾಗ ಎರಡೂ ಕಾಲು ಕೊಯ್ಯುತ್ತಾರೆ. ಊರಿಕೊಳ್ಳಲು ಒಂದು ಒಳ್ಳೆಯ ಕಾಲು ಉಳಿಯುವುದಿಲ್ಲ. ಹೊರಗೆ ರಿಂಗ್ ಇಲ್ಲದೆ, ಎಲುಬಿನೊಳಗೆ ಕೂರಿಸಿ ಮ್ಯಾಗ್ನೆಟ್‌ನಿಂದ ಉದ್ದ ಮಾಡುವ ರಾಡ್‌ಗಳು ಬಂದಿವೆ. ತಂತಿಯ ಗಾಯದ ಕಾಟ ತಪ್ಪುತ್ತದೆ, ಆದರೆ ಖರ್ಚು ಹಲವು ಲಕ್ಷ, ಎಲುಬು ಗಟ್ಟಿಯಾಗುವ ತನಕ ಪೂರ್ತಿ ಭಾರ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ಸ್ನಾಯು ಬಿಗಿಯುವುದಂತೂ ಅಷ್ಟೇ ಇರುತ್ತದೆ. ಭರ್ತಿಯಲ್ಲಿ ಎತ್ತರ ಅಳೆಯುವುದರ ಜೊತೆಗೆ ಓಡಿಸುತ್ತಾರೆ, ಜಿಗಿಸುತ್ತಾರೆ. 2016ರಲ್ಲಿ ಹೈದರಾಬಾದಿನಲ್ಲಿ ಒಬ್ಬ ಯುವಕ ಮನೆಯಲ್ಲಿ ಹೇಳದೆ ಎತ್ತರಕ್ಕಾಗಿ ಈ ಆಪರೇಷನ್ ಮಾಡಿಸಿಕೊಂಡ ಸುದ್ದಿ ಎಲ್ಲ ಕಡೆ ಬಂದಿತ್ತು. ನನಗೆ ಆ ಸುದ್ದಿಯಲ್ಲಿ ದಿಗಿಲಾಗಿದ್ದು ಒಂದೇ ವಿಷಯಕ್ಕೆ. ಮನೆಯವರಿಗೇ ಗೊತ್ತಿಲ್ಲದಿದ್ದರೆ ರಾತ್ರಿ ಎದ್ದು ಅವನ ಕಾಲು ಹಿಡಿಯುವವರು ಯಾರು?

ರಿಂಗ್ ತೆಗೆದ ಮೇಲೆ

ರಿಂಗ್ ತೆಗೆದ ದಿನ ಪೇಡೆ ಹಂಚಿದೆವು. ಆಮೇಲಿನ ಕೆಲವು ವಾರಗಳೇ ಹೆಚ್ಚು ಅಪಾಯದ್ದು ಎಂದು ಆಗ ಗೊತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಎಲುಬು ತುಂಬಿದ ಹಾಗೆ ಕಂಡರೂ ಅದು ಇನ್ನೂ ಎಳೆಯದು. ಜಾರಿ ಬಿದ್ದರೆ ಹೊಸ ಎಲುಬೇ ಮುರಿಯಬಹುದು, ಇಲ್ಲವೇ ಭಾರಕ್ಕೆ ಬಾಗಬಹುದು. ಅದಕ್ಕೆ ಸ್ವಲ್ಪ ದಿನ ಪ್ಲಾಸ್ಟರ್ ಅಥವಾ ಬೆಲ್ಟ್ ಹಾಕುತ್ತಾರೆ, ಊರುಗೋಲು ಬಿಡಿಸುವುದಿಲ್ಲ. ತಮ್ಮನಿಗೆ ಆರು ವಾರ.

ಇನ್ನೊಂದು ಸಂಗತಿ ಇದೆ. ಕುಂಟುವುದು ಒಂದು ರೂಢಿ. ವರ್ಷಗಟ್ಟಲೆ ಗಿಡ್ಡ ಕಾಲಿನಲ್ಲಿ ನಡೆದವರಿಗೆ, ತಿಂಗಳುಗಟ್ಟಲೆ ನೋವಿನ ಕಾಲು ಕಾಪಾಡಿಕೊಂಡವರಿಗೆ, ಕಾರಣ ಹೋದ ಮೇಲೂ ಅದೇ ನಡಿಗೆ ಉಳಿಯುತ್ತದೆ. ಸೊಂಟದ ಪಕ್ಕದ ಸ್ನಾಯು ಸೋತಿರುತ್ತದೆ, ಮನಸ್ಸು ಆ ಕಾಲನ್ನು ನಂಬುವುದಿಲ್ಲ. ಹೊಸದಾಗಿ ನಡೆಯಲು ಕಲಿಯಬೇಕು, ಮಗುವಿನ ಹಾಗೆ.

ಇದಕ್ಕೆ ಮೇಡಂ ಒಂದು ಉಪಾಯ ಹೇಳಿಕೊಟ್ಟರು. ನಮ್ಮ ಪಡಸಾಲೆಗೆ ಶಹಾಬಾದ್ ಕಲ್ಲು ಹಾಸಿದೆ. ಪಾದ ಒದ್ದೆ ಮಾಡಿಕೊಂಡು, ಗೋಡೆಯ ಪಕ್ಕ ಹಿಡಿದು, ಒಣ ಕಲ್ಲಿನ ಮೇಲೆ ಎಂಟು ಹೆಜ್ಜೆ ನಡೆಯಬೇಕು. ತಿರುಗಿ ನೋಡಿದರೆ ಎಲ್ಲ ಅಲ್ಲೇ ಬರೆದಿರುತ್ತದೆ. ಹಿಮ್ಮಡದ ಗುರುತು ಬಿದ್ದಿದೆಯಾ, ಬರೀ ಬೆರಳಿನದ್ದಾ? ಎಡ ಬಲ ಹೆಜ್ಜೆ ಸಮ ಇವೆಯಾ? ಪಾದ ಹೊರಗೆ ತಿರುಗಿದೆಯಾ? ಮೊದಲ ವಾರ ಅವನ ಬಲಗಾಲಿನದ್ದು ಐದು ಬೆರಳು ಮತ್ತು ಅರ್ಧ ಅಂಗಾಲು, ಅಷ್ಟೇ. ಅವ್ವ ದಿನಾ ಸಂಜೆ ತಂಬಿಗೆಯಲ್ಲಿ ನೀರು ತಂದು ಅವನ ಪಾದಕ್ಕೆ ಹಾಕುತ್ತಾಳೆ. ಅವನು ನಡೆಯುತ್ತಾನೆ. ಇಬ್ಬರೂ ಬಗ್ಗಿ ನೋಡುತ್ತಾರೆ, ಕಲ್ಲು ಬಿಸಿ ಇರುವುದರಿಂದ ಬೇಗ ಆರುತ್ತದೆ.

ಮೊನ್ನೆ ಎಂಟು ಹೆಜ್ಜೆಯಲ್ಲೂ ಹಿಮ್ಮಡ ಪೂರ್ತಿ ಬಿದ್ದಿತ್ತು. ಬಲಗಾಲಿನ ಹೆಜ್ಜೆ ಎಡಗಾಲಿನದಕ್ಕಿಂತ ಇನ್ನೂ ಎರಡು ಬೆರಳು ಗಿಡ್ಡ ಇದೆ. ಅವ್ವ ಇನ್ನೊಂದು ತಂಬಿಗೆ ನೀರು ತಂದಳು.